ಗಡಿಗೆಗೆ ಬಿದ್ದ ಗುಳಿಗೆ

ಜಹೀರಾಬಾದ್ ಮತ್ತು ನಾರಾಯಣಖೇಡ ಬೀದರ್ ಜಿಲ್ಲೆಗೆ ಅಂಟಿಕೊಂಡ ತೆಲಂಗಾಣದ ಊರುಗಳು. ತಾಂಡೂರು ಸೇಡಂ–ಚಿಂಚೋಳಿಗೆ ಆತುಕೊಂಡ, ಅದೇ ರಾಜ್ಯದ ಊರು. 1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆಯ ತನಕ ಮೊದಲೆರಡು ಬೀದರ್ ಜಿಲ್ಲೆಯಲ್ಲಿದ್ದವು, ಮೂರನೆಯದು ಕಲಬುರಗಿ ಜಿಲ್ಲೆಯಲ್ಲಿತ್ತು. ಗಡಿ ಆಚೆ ಸರಿದರೂ ಮಾತು, ಬೀಗತನ, ಸಂತೆ, ಆಸ್ಪತ್ರೆಯ ಓಡಾಟ ಹಾಗೆಯೇ ಉಳಿದುಕೊಂಡಿವೆ. ಇಲ್ಲಿನ ದುಡಿಮೆ ಮೈಮುರಿಯುವಂಥದ್ದು. ಜಹೀರಾಬಾದ್ ಸುತ್ತ ಕಬ್ಬು ಕಡಿಯಬೇಕು, ತಾಂಡೂರಿನಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲನ್ನು ಗಣಿಯಿಂದ ಎಬ್ಬಿಸಿ ಕೊಯ್ಯಬೇಕು, ತೊಗರಿ ಹೊಲದಲ್ಲಿ ದಿನವಿಡೀ ಬಗ್ಗಿರಬೇಕು. ಸಂಜೆಯ ಹೊತ್ತಿಗೆ ಸೊಂಟ, ಮೊಣಕಾಲು, ಹೆಗಲು ಹಿಡಿದುಕೊಂಡಿರುತ್ತವೆ.

ಆ ನೋವಿಗೆ ಊರಲ್ಲೇ ಸಿಗುವ ಉಪಾಯಗಳು ಎರಡು. ಒಂದು ಸೇಂದಿ, ಇನ್ನೊಂದು ಊರ ಆರ್‌ಎಂಪಿ (ಪದವಿಯಿಲ್ಲದ ಹಳ್ಳಿ ವೈದ್ಯ) ಕೊಡುವ ಗುಳಿಗೆ, ಸೂಜಿ. ಎರಡೂ ಬೇರೆ ಬೇರೆ ಎಂದು ಕುಡಿಯುವವರೂ ನುಂಗುವವರೂ ನಂಬಿದ್ದಾರೆ. ಆದರೆ ಈ ಭಾಗದ ಸೇಂದಿ ಗಡಿಗೆಯೊಳಗೆ ಹಲವು ಕಡೆ ಔಷಧಿ ಅಂಗಡಿಯ ಸರಕೇ ಕರಗಿರುತ್ತದೆ. ಚಟ ಹಿಡಿಸುವ ಔಷಧಿ ದೇಹದೊಳಗೆ ಏನು ಮಾಡುತ್ತದೆ, ಅದನ್ನು ಬಿಡಿಸುವುದು ಹೇಗೆ ಎಂದು ತಿಳಿಯಲು ಈ ಗಡಿಗೆಯಿಂದಲೇ ಹೊರಡುವುದು ಒಳ್ಳೆಯದು.

ಸೇಂದಿ ನಿಂತ ದಿನ

2015ರ ಸೆಪ್ಟೆಂಬರ್‌ನಲ್ಲಿ ತೆಲಂಗಾಣ ಸರ್ಕಾರ ಕಲಬೆರಕೆ ಸೇಂದಿಯ ಮೇಲೆ ಬಿಗಿ ಕ್ರಮಕ್ಕೆ ಇಳಿಯಿತು. ಕಲಬೆರಕೆ ನಿಂತರೆ ಜನರ ಆರೋಗ್ಯ ಸುಧಾರಿಸಬೇಕಿತ್ತು. ಆದರೆ ಕೆಲವೇ ದಿನಗಳಲ್ಲಿ ನಿಜಾಮಾಬಾದ್, ಮಹಬೂಬ್‌ನಗರ ಕಡೆಯ ಆಸ್ಪತ್ರೆಗಳಿಗೆ ಜನ ಗುಂಪುಗುಂಪಾಗಿ ಬರತೊಡಗಿದರು. ಕೈಕಾಲು ನಡುಗುತ್ತಿದ್ದವು, ನಿದ್ದೆ ಹತ್ತಿರ ಸುಳಿಯುತ್ತಿರಲಿಲ್ಲ. ಕೆಲವರಿಗೆ ಫಿಟ್ಸ್ ಬಂತು. ಕೆಲವರಿಗೆ ಇಲ್ಲದ ಮನುಷ್ಯರು ಕಂಡರು, ಇಲ್ಲದ ದನಿ ಕೇಳಿಸಿತು. ಹೈದರಾಬಾದಿನ ಎರ್ರಗಡ್ಡದ ಮಾನಸಿಕ ಆರೋಗ್ಯ ಸಂಸ್ಥೆಯ ಹಾಸಿಗೆಗಳು ತುಂಬಿಹೋದವು. ಸಾವುಗಳೂ ಸಂಭವಿಸಿದವು.

2020ರ ಮಾರ್ಚ್ ಕೊನೆಯಲ್ಲಿ ಕೊರೊನಾ ಲಾಕ್‌ಡೌನ್ ಬಂದಾಗ ಅದೇ ಮರುಕಳಿಸಿತು. ಸಾರಾಯಿ, ಸೇಂದಿ ಎರಡೂ ಒಂದೇ ದಿನ ಬಂದ್ ಆದವು. ಎರ್ರಗಡ್ಡದ ಹೊರರೋಗಿ ವಿಭಾಗದ ಮುಂದೆ ಮತ್ತೆ ಸಾಲು ನಿಂತಿತು. 2025ರ ಜುಲೈಯಲ್ಲಿ ಹೈದರಾಬಾದಿನ ಕೂಕಟ್‌ಪಲ್ಲಿ ಕಡೆ ಇದಕ್ಕೆ ತದ್ವಿರುದ್ಧವಾದುದು ನಡೆಯಿತು. ಅಲ್ಲಿ ಕಲಬೆರಕೆ ಸೇಂದಿ ಕುಡಿದೇ ಜನ ಆಸ್ಪತ್ರೆ ಸೇರಿದರು, ಹಲವರು ಸತ್ತರು.

ಕುಡಿದವರೂ ಸತ್ತರು, ಕುಡಿಯುವುದು ತಟ್ಟನೆ ನಿಂತವರೂ ಸತ್ತರು. ಈ ಎರಡಕ್ಕೂ ಕಾರಣ ಒಂದೇ ಬಗೆಯ ವಸ್ತು.

ಗಡಿಗೆಯಲ್ಲಿ ಏನಿದೆ?

ಈಚಲು ಅಥವಾ ತಾಳೆ ಮರದಿಂದ ಇಳಿಸಿದ ರಸ ತಾನಾಗಿ ಹುಳಿತು ಸೇಂದಿಯಾಗುತ್ತದೆ. ಅದರಲ್ಲಿರುವ ಮದ್ಯಸಾರ ಬಿಯರಿನಷ್ಟು, ಸುಮಾರು ಶೇ 4–5. ಮರಗಳು ಕಡಿಮೆಯಾಗುತ್ತ ಬಂದವು, ಕುಡಿಯುವವರು ಕಡಿಮೆಯಾಗಲಿಲ್ಲ. ಇದ್ದಷ್ಟು ರಸಕ್ಕೆ ನೀರು ಬೆರೆಸಿದರೆ ಪ್ರಮಾಣ ಹೆಚ್ಚುತ್ತದೆ, ಸಿಹಿಗೆ ಸ್ಯಾಕರಿನ್ ಹಾಕಬಹುದು. ಆದರೆ ಅಮಲು ಬರಬೇಕಲ್ಲ? ಅದಕ್ಕಾಗಿ ಕ್ಲೋರಲ್ ಹೈಡ್ರೇಟ್, ಡಯಾಜೆಪಾಂ, ಆಲ್‌ಪ್ರಜೋಲಂ ಬಂದವು. ರಾಯಚೂರು ಗಡಿಯ ಹಳ್ಳಿಗಳಲ್ಲಿ ಜನ 'ಸಿ.ಎಚ್. ಪೌಡರ್' ಎನ್ನುವುದು ಈ ಕ್ಲೋರಲ್ ಹೈಡ್ರೇಟನ್ನೇ.

ಮೂರೂ ಒಂದು ಕಾಲಕ್ಕೆ ವೈದ್ಯರು ಮೆಚ್ಚಿ ಬರೆದ ಔಷಧಿಗಳು. ಕ್ಲೋರಲ್ ಹೈಡ್ರೇಟನ್ನು 1832ರಲ್ಲಿ ಜರ್ಮನಿಯ ಯುಸ್ಟುಸ್ ಫಾನ್ ಲೀಬಿಗ್ ತಯಾರಿಸಿದ. 1869ರಿಂದ ಅದು ನಿದ್ದೆಮದ್ದಾಯಿತು. ಡಯಾಜೆಪಾಂ 1963ರಲ್ಲಿ ಮಾರುಕಟ್ಟೆಗೆ ಬಂತು, ಆಲ್‌ಪ್ರಜೋಲಂ 1980ರ ದಶಕದ ಆರಂಭದಲ್ಲಿ. ವಿಪರೀತ ಆತಂಕದಿಂದ ಬಳಲುವವರಿಗೆ ಕೊಡುವ ಆಲ್‌ಪ್ರಜೋಲಂ ಗುಳಿಗೆಯಲ್ಲಿ ಸಾಮಾನ್ಯವಾಗಿ ಕಾಲು ಅಥವಾ ಅರ್ಧ ಮಿಲಿಗ್ರಾಂ ಔಷಧಿ ಇರುತ್ತದೆ. ಲೆಕ್ಕ ಹಾಕಿ ನೋಡಿ: ಒಂದು ಗ್ರಾಂ ಪುಡಿ ಎಂದರೆ ಕಾಲು ಮಿಲಿಗ್ರಾಮಿನ 4,000 ಗುಳಿಗೆ, ಒಂದು ಕಿಲೋ ಎಂದರೆ 40 ಲಕ್ಷ ಗುಳಿಗೆ. ಸಾಗಿಸಲು ಸುಲಭ, ಬಚ್ಚಿಡಲು ಸುಲಭ. ಔಷಧಿ ಕಾರ್ಖಾನೆಗಳಿಗೆ ಹೆಸರಾದ ಸಂಗಾರೆಡ್ಡಿ ಜಿಲ್ಲೆಯಲ್ಲೇ ಇದನ್ನು ಕದ್ದುಮುಚ್ಚಿ ತಯಾರಿಸುವ ಘಟಕಗಳು ಮತ್ತೆ ಮತ್ತೆ ಸಿಕ್ಕಿಬಿದ್ದಿವೆ. ಜಹೀರಾಬಾದ್, ನಾರಾಯಣಖೇಡ ಇರುವುದೂ ಅದೇ ಜಿಲ್ಲೆಯಲ್ಲಿ.

ಗಡಿಗೆಗೆ ಪುಡಿ ಹಾಕುವವನ ಬಳಿ ತಕ್ಕಡಿ ಇರುವುದಿಲ್ಲ. ಒಂದು ದಿನದ ಸೀಸೆಯಲ್ಲಿ ಇದ್ದಷ್ಟೇ ಇನ್ನೊಂದು ದಿನ ಇರುತ್ತದೆಂದು ಹೇಳಲಾಗದು. ಕೈತಪ್ಪಿ ಹೆಚ್ಚು ಬಿದ್ದ ದಿನ ಕುಡಿದವರ ಉಸಿರೇ ಮಂದವಾಗುತ್ತದೆ.

ಮೆದುಳು ಒಗ್ಗಿಕೊಳ್ಳುವ ಬಗೆ

ನಮ್ಮ ಮೆದುಳಿನಲ್ಲಿ ನರಕೋಶಗಳನ್ನು ಕೆರಳಿಸುವ ರಾಸಾಯನಿಕಗಳೂ ಇವೆ, ತಣಿಸುವ ರಾಸಾಯನಿಕಗಳೂ ಇವೆ. ತಣಿಸುವವುಗಳಲ್ಲಿ ಮುಖ್ಯವಾದದ್ದು ಗಾಬಾ. ಅದು ನರಕೋಶದ ಮೇಲಿನ ತನ್ನ ಗ್ರಾಹಕಕ್ಕೆ ಅಂಟಿಕೊಂಡಾಗ ಕ್ಲೋರೈಡ್ ಕಣಗಳು ಒಳಗೆ ಹರಿದು ಕೋಶ ಶಾಂತವಾಗುತ್ತದೆ. ಆಲ್‌ಪ್ರಜೋಲಂ, ಡಯಾಜೆಪಾಂ ಅದೇ ಗ್ರಾಹಕದ ಮತ್ತೊಂದು ಬದಿಗೆ ಅಂಟಿ ಗಾಬಾದ ಕೆಲಸವನ್ನು ಹೆಚ್ಚಿಸುತ್ತವೆ. ಸೇಂದಿಯ ಮದ್ಯಸಾರ ಬಲ ಕೊಡುವುದೂ ಇದೇ ವ್ಯವಸ್ಥೆಗೆ. ಎರಡೂ ಒಟ್ಟಿಗೆ ಸೇರಿದಾಗ ಮೈ ಸಡಿಲವಾಗುತ್ತದೆ, ಚಿಂತೆ ಕರಗುತ್ತದೆ, ನೋವಿನ ಕಡೆಗಿನ ಲಕ್ಷ್ಯ ಹೋಗುತ್ತದೆ. ಸೊಂಟ ಮಾತ್ರ ಇದ್ದ ಹಾಗೆಯೇ ಇರುತ್ತದೆ.

ವಾರಗಟ್ಟಲೆ, ತಿಂಗಳುಗಟ್ಟಲೆ ಇದು ನಡೆದರೆ ಮೆದುಳು ಸುಮ್ಮನಿರುವುದಿಲ್ಲ. ಗಾಬಾ ಗ್ರಾಹಕಗಳ ಸ್ಪಂದನ ತಗ್ಗುತ್ತದೆ, ಕೆರಳಿಸುವ ವ್ಯವಸ್ಥೆ ಬಲಗೊಳ್ಳುತ್ತದೆ. ಬ್ರೇಕು ಬಿಗಿದ ಗಾಡಿಯನ್ನು ಎಳೆಯಲು ಎತ್ತುಗಳು ದಿನದಿನಕ್ಕೆ ಹೆಚ್ಚು ಬಲ ಹಾಕುವುದನ್ನು ಕಲಿತಂತೆ ಇದು. ಆಗ ಒಮ್ಮೆಲೇ ಬ್ರೇಕು ಸಡಿಲಿಸಿದರೆ ಗಾಡಿ ನೆಗೆದು ಓಡುತ್ತದೆ. 2015ರಲ್ಲಿ ಆಸ್ಪತ್ರೆ ಸೇರಿದವರ ಮೆದುಳಿನಲ್ಲಿ ಆದದ್ದು ಅದೇ. ತಣಿಸುವ ಔಷಧಿ ಇಲ್ಲವಾಯಿತು, ಕೆರಳಿಸುವ ಶಕ್ತಿ ಪೂರ್ತಿ ಉಳಿಯಿತು. ಅದರಿಂದಲೇ ನಡುಕ, ನಿದ್ರಾಹೀನತೆ, ಭ್ರಮೆ, ಫಿಟ್ಸ್. ಆಲ್‌ಪ್ರಜೋಲಂನ ಅರ್ಧಾಯು, ಅಂದರೆ ದೇಹದಲ್ಲಿ ಅದರ ಪ್ರಮಾಣ ಅರ್ಧಕ್ಕೆ ಇಳಿಯಲು ಬೇಕಾದ ಹೊತ್ತು, ಸುಮಾರು 11 ಗಂಟೆ. ಡಯಾಜೆಪಾಂ ದೇಹದಲ್ಲಿ ಅದರ ಹಲವು ಪಟ್ಟು ಹೊತ್ತು ಉಳಿಯುತ್ತದೆ. ಆದ್ದರಿಂದ ಆಲ್‌ಪ್ರಜೋಲಂ ಬೆರೆತ ಸೇಂದಿ ನಿಂತರೆ ಯಾತನೆ ಬೇಗ ಶುರುವಾಗುತ್ತದೆ, ಜೋರಾಗಿಯೂ ಇರುತ್ತದೆ.

ಇಲ್ಲಿ ಎರಡು ಸಂಗತಿಗಳನ್ನು ಬೇರೆಯಾಗಿ ನೋಡಬೇಕು. ದೇಹ ಒಗ್ಗಿಕೊಂಡು, ಔಷಧಿ ನಿಂತರೆ ಯಾತನೆ ಪಡುವುದು ಅವಲಂಬನೆ. ಹಾನಿಯಾಗುತ್ತಿದೆ ಎಂದು ಗೊತ್ತಿದ್ದೂ ಅದನ್ನೇ ಅರಸಿ ಹೋಗುವುದು, ಕೂಲಿ, ಮನೆ, ಮಕ್ಕಳು ಎಲ್ಲವೂ ಅದರ ಹಿಂದೆ ಸರಿಯುವುದು ವ್ಯಸನ. ಅವಲಂಬನೆ ಯಾರಿಗಾದರೂ ಬರಬಹುದು. ಗಡಿಗೆಯಲ್ಲಿ ಏನಿದೆ ಎಂದು ಅರಿಯದೆ ದಿನವೂ ದುಡಿದು ಬಂದು ಒಂದು ಸೀಸೆ ಕುಡಿಯುತ್ತಿದ್ದ ಹೆಂಗಸಿಗೂ ಬಂದಿದೆ. ಅದರಲ್ಲಿ ಅವಳ ನಡತೆಯ ದೋಷ ಹುಡುಕುವುದು ಅನ್ಯಾಯ.

ನೋವಿನ ಗುಳಿಗೆಯ ದಾರಿ

ಈಗ ಎರಡನೆಯ ಉಪಾಯಕ್ಕೆ ಬರೋಣ. ಅಂಗಡಿಯಲ್ಲಿ 'ನೋವಿನ ಗುಳಿಗಿ ಕೊಡ್ರಿ' ಎಂದು ಕೇಳಿದರೆ ಸಿಗುವುದು ಒಂದೇ ಬಗೆಯ ಔಷಧಿಯಲ್ಲ. ಡೈಕ್ಲೊಫೆನಾಕ್, ಐಬುಪ್ರೊಫೆನ್‌ನಂಥವು ಉರಿಯೂತ ಉಂಟುಮಾಡುವ ರಾಸಾಯನಿಕಗಳನ್ನು ತಡೆಯುತ್ತವೆ. ಅವು ಚಟ ಹಿಡಿಸುವುದಿಲ್ಲ, ಆದರೆ ಹೊಟ್ಟೆಹುಣ್ಣು ಮಾಡಬಲ್ಲವು, ಮೂತ್ರಪಿಂಡ ಕೆಡಿಸಬಲ್ಲವು. ಟ್ರಮಡಾಲ್, ಟ್ಯಾಪೆಂಟಡಾಲ್, ಕೊಡೀನ್, ಪೆಂಟಜೋಸಿನ್, ಮಾರ್ಫಿನ್ ಇನ್ನೊಂದು ವಂಶ. ಇವು ಓಪಿಯಾಯ್ಡ್‌ಗಳು, ಅಫೀಮಿನ ಬಳಗ.

ಅಫೀಮಿನಿಂದ ಮಾರ್ಫಿನ್ನನ್ನು ಬೇರ್ಪಡಿಸಿದವನು ಜರ್ಮನಿಯ ಯುವ ಔಷಧಿಗಾರ ಫ್ರೀಡ್ರಿಶ್ ಸೆರ್ಟ್ಯುರ್ನರ್, 19ನೇ ಶತಮಾನದ ಮೊದಲ ವರ್ಷಗಳಲ್ಲಿ. ಅದು ದೇಹದಲ್ಲಿ ಎಲ್ಲಿ ಅಂಟುತ್ತದೆ ಎಂದು ತಿಳಿಯಲು 1973ರ ತನಕ ಕಾಯಬೇಕಾಯಿತು. ಆ ವರ್ಷ ಅಮೆರಿಕದ ಕ್ಯಾಂಡೇಸ್ ಪರ್ಟ್ ಮತ್ತು ಸಾಲಮನ್ ಸ್ನೈಡರ್ ಮೆದುಳಿನಲ್ಲಿ ಓಪಿಯಾಯ್ಡ್ ಗ್ರಾಹಕಗಳನ್ನು ತೋರಿಸಿದರು. ಗಸಗಸೆ ಗಿಡದ ರಸಕ್ಕೆ ಮನುಷ್ಯನ ಮೆದುಳು ಗ್ರಾಹಕ ಇಟ್ಟುಕೊಂಡಿರುವುದು ಏಕೆ ಎಂಬ ಪ್ರಶ್ನೆಗೆ 1975ರಲ್ಲಿ ಸ್ಕಾಟ್ಲೆಂಡಿನ ಆಬರ್ಡೀನ್‌ನಿಂದ ಉತ್ತರ ಬಂತು. ಜಾನ್ ಹ್ಯೂಸ್ ಮತ್ತು ಹಾನ್ಸ್ ಕೋಸ್ಟರ್‌ಲಿಟ್ಜ್ ದೇಹವೇ ತಯಾರಿಸುವ ನೋವುನಿವಾರಕ ಎನ್‌ಕೆಫಲಿನ್‌ಗಳನ್ನು ಕಂಡುಹಿಡಿದರು. ಆ ಗ್ರಾಹಕಗಳು ಇರುವುದು ನಮ್ಮದೇ ರಾಸಾಯನಿಕಗಳಿಗಾಗಿ. ಅಫೀಮಿನ ಬಳಗ ಅಲ್ಲಿಗೆ ಹೊರಗಿನಿಂದ ಬಂದು ಕೂರುತ್ತದೆ.

ಗ್ರಾಹಕಗಳು ಎಲ್ಲೆಲ್ಲಿವೆ ಎಂದು ತಿಳಿದರೆ ಅಡ್ಡಪರಿಣಾಮಗಳೂ ತಿಳಿಯುತ್ತವೆ. ಬೆನ್ನುಹುರಿಯಲ್ಲಿವೆ, ಆದ್ದರಿಂದ ನೋವಿನ ಸಂದೇಶ ಮೇಲೇರುವುದು ತಗ್ಗುತ್ತದೆ. ಕರುಳಿನಲ್ಲಿವೆ, ಆದ್ದರಿಂದ ಮಲ ಕಟ್ಟುತ್ತದೆ. ವಾಕರಿಕೆ, ತೂಕಡಿಕೆ ಹೆಚ್ಚಿನವರಲ್ಲಿ ಕೆಲವು ದಿನಗಳಲ್ಲಿ ಕಡಿಮೆಯಾದರೂ ಮಲಬದ್ಧತೆ ಔಷಧಿ ಇರುವಷ್ಟು ದಿನವೂ ಇರುತ್ತದೆ. ಹಾಗಾಗಿ ಬಲ್ಲ ವೈದ್ಯರು ಮಾರ್ಫಿನ್ ಬರೆಯುವಾಗಲೇ ಮಲ ಸಡಿಲಿಸುವ ಔಷಧಿಯನ್ನೂ ಬರೆಯುತ್ತಾರೆ. ಮೆದುಳಿನ ಹಿಗ್ಗಿನ ಮಾರ್ಗದಲ್ಲಿ ಗ್ರಾಹಕಗಳಿವೆ, ವ್ಯಸನದ ಬೀಜ ಬೀಳುವುದು ಅಲ್ಲಿ. ಉಸಿರಾಟವನ್ನು ನಡೆಸುವ ಮೆದುಳುಕಾಂಡದಲ್ಲೂ ಇವೆ, ಪ್ರಮಾಣ ಮೀರಿದರೆ ಸಾವು ಬರುವುದು ಅಲ್ಲಿಂದ. ದೀರ್ಘಕಾಲ ಹೆಚ್ಚು ಪ್ರಮಾಣದಲ್ಲಿ ತೆಗೆದುಕೊಂಡವರಲ್ಲಿ ಕೆಲವರಿಗೆ ನೋವೇ ಹೆಚ್ಚುವುದುಂಟು, ಸಣ್ಣ ನೋವೂ ದೊಡ್ಡದಾಗಿ ಕಾಣತೊಡಗುತ್ತದೆ.

ಟ್ರಮಡಾಲ್‌ಗೆ ಇನ್ನೊಂದು ಮುಖವಿದೆ. ಅದು ಸಿರೊಟೋನಿನ್, ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳನ್ನೂ ಹೆಚ್ಚಿಸುತ್ತದೆ. ಆದ್ದರಿಂದ ಪ್ರಮಾಣ ಮೀರಿದಾಗ ಫಿಟ್ಸ್ ತರಬಲ್ಲದು, ಖಿನ್ನತೆಯ ಕೆಲವು ಔಷಧಿಗಳ ಜೊತೆ ಸೇರಿ ಅಪಾಯವಾಗಬಲ್ಲದು. ಯಕೃತ್ತಿನ ಒಂದು ಕಿಣ್ವ ಅದನ್ನು ಹೆಚ್ಚು ಪ್ರಬಲ ರೂಪಕ್ಕೆ ತಿರುಗಿಸುತ್ತದೆ. ಆ ಕಿಣ್ವದ ವೇಗ ಹುಟ್ಟಿನಿಂದಲೇ ಒಬ್ಬೊಬ್ಬರಲ್ಲಿ ಒಂದೊಂದು ತೆರ. ಅಣ್ಣನಿಗೆ ಹಿಡಿಸಿದ ಗುಳಿಗೆ ತಮ್ಮನಿಗೆ ಹೆಚ್ಚಾಗಬಹುದು.

ಗಡಿ ಭಾಗದ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಅಪಾಯ ಇವೆರಡು ಉಪಾಯಗಳು ಒಂದೇ ಮೈಯಲ್ಲಿ ಸೇರುವುದು. ಹಗಲು ಟ್ರಮಡಾಲ್ ಸೂಜಿ, ಸಂಜೆ ಆಲ್‌ಪ್ರಜೋಲಂ ಬೆರೆತ ಸೇಂದಿ. ಓಪಿಯಾಯ್ಡ್ ಉಸಿರಾಟದ ಕೇಂದ್ರವನ್ನು ಒಂದು ದಾರಿಯಿಂದ ತಗ್ಗಿಸುತ್ತದೆ, ಆಲ್‌ಪ್ರಜೋಲಂ ಮತ್ತು ಮದ್ಯಸಾರ ಇನ್ನೊಂದು ದಾರಿಯಿಂದ. ಬೇರೆ ಬೇರೆಯಾಗಿ ಕೊಲ್ಲದ ಪ್ರಮಾಣಗಳು ಕೂಡಿ ಕೊಲ್ಲಬಲ್ಲವು. ನಿದ್ದೆಯಲ್ಲೇ ಉಸಿರು ನಿಂತವನನ್ನು ಕಂಡು 'ಹಾರ್ಟ್ ಅಟ್ಯಾಕ್ ಆಯ್ತು' ಎಂದು ಮನೆಯವರು ತಿಳಿಯುವ ಸಾಧ್ಯತೆಯೂ ಇದೆ.

ಕಾನೂನಿನ ಎರಡು ಬದಿ

2014ರಿಂದ ಜಾರಿಯಲ್ಲಿರುವ ಎಚ್1 ಪಟ್ಟಿಯ ಪ್ರಕಾರ ಟ್ರಮಡಾಲ್, ಆಲ್‌ಪ್ರಜೋಲಂ ಮುಂತಾದವನ್ನು ಚೀಟಿ ಇಲ್ಲದೆ ಮಾರುವಂತಿಲ್ಲ. ಬರೆದ ವೈದ್ಯರ ಹೆಸರು, ರೋಗಿಯ ಹೆಸರು, ಕೊಟ್ಟ ಪ್ರಮಾಣ ಅಂಗಡಿಯ ಪುಸ್ತಕದಲ್ಲಿ ಇರಬೇಕು. 2018ರ ಏಪ್ರಿಲ್‌ನಲ್ಲಿ ಟ್ರಮಡಾಲ್ ಎನ್‌ಡಿಪಿಎಸ್ ಎಂಬ ಮಾದಕವಸ್ತು ಕಾಯ್ದೆಯಡಿಗೂ ಬಂತು. 2025ರ ಫೆಬ್ರುವರಿಯಲ್ಲಿ ಟ್ಯಾಪೆಂಟಡಾಲ್ ಮತ್ತು ಸ್ನಾಯು ಸಡಿಲಿಸುವ ಕ್ಯಾರಿಸೊಪ್ರೊಡಾಲ್ ಬೆರೆಸಿದ ಗುಳಿಗೆಗಳ ತಯಾರಿಕೆ ಮತ್ತು ರಫ್ತನ್ನು ಕೇಂದ್ರ ಸರ್ಕಾರ ನಿಲ್ಲಿಸಿತು. ಅವು ಪಶ್ಚಿಮ ಆಫ್ರಿಕಾದಲ್ಲಿ ಯುವಜನರನ್ನು ಚಟಕ್ಕೆ ತಳ್ಳುತ್ತಿದ್ದವು.

ಈ ಬಿಗಿ ಬೇಕೇ ಎಂದು ಕೇಳುವವರಿಗೆ ಅಮೆರಿಕ ಉತ್ತರ. 1996ರಲ್ಲಿ ಅಲ್ಲಿ ಆಕ್ಸಿಕಾಂಟಿನ್ ಎಂಬ ನೋವಿನ ಗುಳಿಗೆಯನ್ನು 'ಚಟದ ಭಯ ಕಡಿಮೆ' ಎಂದು ಹೇಳಿ ಮಾರಲಾಯಿತು. ತಪ್ಪು ಮಾಹಿತಿ ನೀಡಿದ್ದನ್ನು ಅದರ ತಯಾರಕ ಕಂಪನಿ 2007ರಲ್ಲಿ ನ್ಯಾಯಾಲಯದಲ್ಲಿ ಒಪ್ಪಿಕೊಂಡಿತು. ಅಷ್ಟರಲ್ಲಿ ಲಕ್ಷಾಂತರ ಜನ ಗುಳಿಗೆಯಿಂದ ಹೆರಾಯಿನ್ ಕಡೆಗೆ, ಅಲ್ಲಿಂದ ಇನ್ನೂ ಪ್ರಬಲವಾದ ಫೆಂಟನಿಲ್ ಕಡೆಗೆ ಜಾರುವ ದಾರಿ ತೆರೆದಿತ್ತು. 2021ರ ಒಂದೇ ವರ್ಷ ಅಲ್ಲಿ ಮಾದಕವಸ್ತುಗಳ ಅತಿಸೇವನೆಯಿಂದ ಒಂದು ಲಕ್ಷಕ್ಕೂ ಹೆಚ್ಚು ಜನ ಸತ್ತರು. ನಮ್ಮಲ್ಲೂ 2019ರ ರಾಷ್ಟ್ರೀಯ ಸಮೀಕ್ಷೆ ಓಪಿಯಾಯ್ಡ್ ಔಷಧಿಗಳನ್ನು ನಶೆಗಾಗಿ ಬಳಸುವವರು 10ರಿಂದ 75 ವಯಸ್ಸಿನವರಲ್ಲಿ ಶೇ 1ರ ಹತ್ತಿರ ಇದ್ದಾರೆಂದು ಹೇಳಿತು. ನಿದ್ದೆ ತರಿಸುವ ಔಷಧಿಗಳ ದುರ್ಬಳಕೆ ಮಾಡುವವರು ಶೇ 1.08.

ಬಿಗಿಯ ಇನ್ನೊಂದು ಬದಿಯನ್ನೂ ಹೇಳಲೇಬೇಕು. 1985ರ ಎನ್‌ಡಿಪಿಎಸ್ ಕಾಯ್ದೆ ಬಂದ ಮೇಲೆ ಮುಂದಿನ ಹನ್ನೆರಡು ವರ್ಷಗಳಲ್ಲಿ ದೇಶದಲ್ಲಿ ಮಾರ್ಫಿನ್‌ನ ವೈದ್ಯಕೀಯ ಬಳಕೆ ಶೇ 90ಕ್ಕೂ ಹೆಚ್ಚು ಕುಸಿಯಿತು. ಆಸ್ಪತ್ರೆಗಳು ಪರವಾನಗಿಗಳ ರಗಳೆಗೆ ಹೆದರಿ ಅದನ್ನು ಇಡುವುದನ್ನೇ ಬಿಟ್ಟವು. ಲೋಕಕ್ಕೆಲ್ಲ ಔಷಧಿಗಾಗಿ ಅಫೀಮು ಬೆಳೆದುಕೊಡುವ ದೇಶದಲ್ಲಿ ಕ್ಯಾನ್ಸರ್ ರೋಗಿಗಳು ನರಳುತ್ತ ಸತ್ತರು. ಡಾ. ಎಂ.ಆರ್. ರಾಜಗೋಪಾಲ್ ಅವರಂಥ ವೈದ್ಯರ ದೀರ್ಘ ಹೋರಾಟದ ನಂತರ 2014ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ ಪರವಾನಗಿ ಸರಳವಾಯಿತು. ಅದಕ್ಕೆ ಹಿಂದಿನ ವರ್ಷಗಳಲ್ಲಿ, ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್ ನೇಮಿಸಿದ ಆಯೋಗದ ಲೆಕ್ಕದಲ್ಲಿ, ಭಾರತದ ಅಗತ್ಯದ ಶೇ 4ರಷ್ಟು ಮಾತ್ರ ಮಾರ್ಫಿನ್ ರೋಗಿಗಳಿಗೆ ತಲುಪುತ್ತಿತ್ತು. ತಾಂಡೂರಿನ ಕ್ಯಾನ್ಸರ್ ರೋಗಿ ಹೈದರಾಬಾದಿನ ಎಂ.ಎನ್.ಜೆ. ಆಸ್ಪತ್ರೆಗೋ ಕಲಬುರಗಿಯ ಕಿದ್ವಾಯಿ ಕೇಂದ್ರಕ್ಕೋ ಹೋದಾಗ ವೈದ್ಯರು ಮಾರ್ಫಿನ್ ಬರೆದರೆ ಮನೆಯವರು 'ಚಟ ಹತ್ತೀತು' ಎಂದು ಗುಳಿಗೆ ಮುಚ್ಚಿಡಬಾರದು. ಆ ನೋವಿಗೆ ಅದು ಸರಿಯಾದ ಔಷಧಿ, ಅದು ಅವರ ಹಕ್ಕು.

ಇಳಿಸುವ ಚಿಕಿತ್ಸೆ

ಹಾಗಾದರೆ ಸಿಕ್ಕಿಕೊಂಡವರನ್ನು ಬಿಡಿಸುವುದು ಹೇಗೆ? ಕೋಣೆಯಲ್ಲಿ ಕೂಡಿಹಾಕುವುದು, ಆಣೆ ಹಾಕಿಸುವುದು, ಹೊಡೆಯುವುದು ಇವು ಚಿಕಿತ್ಸೆಯಲ್ಲ. ಆಲ್‌ಪ್ರಜೋಲಂ ಬೆರೆತ ಸೇಂದಿಯ ವಿಷಯದಲ್ಲಂತೂ ಒಮ್ಮೆಲೇ ನಿಲ್ಲಿಸುವುದು ಪ್ರಾಣಕ್ಕೇ ಕುತ್ತು. ವೈದ್ಯರು ಮಾಡುವುದು ಹೀಗೆ: ಬೇಗ ಇಳಿದುಹೋಗುವ ಔಷಧಿಯ ಬದಲು ದೇಹದಲ್ಲಿ ಹೆಚ್ಚು ಹೊತ್ತು ಉಳಿಯುವ ಡಯಾಜೆಪಾಂನಂಥದ್ದನ್ನು ಅಳತೆ ಮಾಡಿ ಕೊಡುತ್ತಾರೆ. ಯಾತನೆ ಹಿಡಿತಕ್ಕೆ ಬಂದ ಮೇಲೆ ದಿನಗಟ್ಟಲೆ, ಕೆಲವರಿಗೆ ವಾರಗಟ್ಟಲೆ, ಪ್ರಮಾಣ ಸ್ವಲ್ಪಸ್ವಲ್ಪವೇ ಇಳಿಸುತ್ತಾರೆ. ಮೆದುಳು ತಾನು ಬದಲಾದ ದಾರಿಯಲ್ಲೇ ಹಿಂತಿರುಗಲು ಅಷ್ಟು ಸಮಯ ಬೇಕು.

ಓಪಿಯಾಯ್ಡ್ ಬಿಡುವಾಗಿನ ಯಾತನೆ ಬೇರೆ ಬಗೆಯದು. ಆಕಳಿಕೆ, ಮೂಗು ಸೋರುವುದು, ಮೈ ಜುಮ್ಮೆನ್ನುವುದು, ಹೊಟ್ಟೆನುಲಿತ, ಭೇದಿ, ಮೂಳೆ ಮುರಿದಂಥ ನೋವು. ಎರಡು–ಮೂರನೇ ದಿನ ಉಲ್ಬಣಿಸಿ ಒಂದು ವಾರದ ಹೊತ್ತಿಗೆ ತಗ್ಗುತ್ತದೆ. ಅಪಾಯ ಅದರ ನಂತರ ಕಾದಿರುತ್ತದೆ. ಬಿಟ್ಟ ಮೇಲೆ ದೇಹದ ಸಹಿಷ್ಣುತೆ ಹೋಗಿರುತ್ತದೆ, ಮನಸ್ಸಿನ ಸೆಳೆತ ಹೋಗಿರುವುದಿಲ್ಲ. ಹಳೆಯ ಪ್ರಮಾಣವನ್ನೇ ಮತ್ತೊಮ್ಮೆ ತೆಗೆದುಕೊಂಡರೆ ಉಸಿರು ನಿಲ್ಲಬಹುದು. ಬಿಡಿಸಿ ಮನೆಗೆ ಕಳಿಸಿದರೆ ಕೆಲಸ ಮುಗಿಯಲಿಲ್ಲ ಎನ್ನುವುದು ಇದಕ್ಕೇ.

ಇದಕ್ಕೆ ವಿಜ್ಞಾನ ಕೊಟ್ಟ ಉತ್ತರ ಬುಪ್ರೆನಾರ್ಫಿನ್. ನಾಲಿಗೆಯಡಿ ಇಟ್ಟುಕೊಳ್ಳುವ ಈ ಗುಳಿಗೆ ಅದೇ ಗ್ರಾಹಕಕ್ಕೆ ಬಿಗಿಯಾಗಿ ಅಂಟುತ್ತದೆ, ಆದರೆ ಅದನ್ನು ಅರ್ಧವಷ್ಟೇ ಎಚ್ಚರಿಸುತ್ತದೆ. ಒಂದು ಮಿತಿ ದಾಟಿದ ಮೇಲೆ ಪ್ರಮಾಣ ಹೆಚ್ಚಿಸಿದರೂ ಉಸಿರಾಟದ ಮೇಲಿನ ಪರಿಣಾಮ ಹೆಚ್ಚುವುದಿಲ್ಲ. ನಶೆ ಏರುವುದಿಲ್ಲ, ಯಾತನೆಯೂ ಇರುವುದಿಲ್ಲ, ಮನುಷ್ಯ ಕೆಲಸಕ್ಕೆ ಹೋಗಬಲ್ಲ. ಇದನ್ನೂ ಇದೇ ಕೆಲಸಕ್ಕೆ ಬಳಸುವ ಮೆಥಡೋನ್ ಅನ್ನೂ ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಅತ್ಯಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಇಂಥ ಚಿಕಿತ್ಸೆಯಲ್ಲಿ ಉಳಿದವರ ಸಾವಿನ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯುತ್ತದೆ. 'ಒಂದು ಚಟದ ಬದಲು ಇನ್ನೊಂದು' ಎಂದು ಇದನ್ನು ಹಳಿಯುವವರಿದ್ದಾರೆ. ಸಕ್ಕರೆ ಕಾಯಿಲೆಯವರು ದಿನವೂ ಇನ್ಸುಲಿನ್ ತೆಗೆದುಕೊಳ್ಳುವುದನ್ನು ಯಾರೂ ಚಟ ಎನ್ನುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರದಲ್ಲಿ ಇಂಥ ಔಷಧಿ, ಆಪ್ತಸಮಾಲೋಚನೆ, ಕುಟುಂಬಕ್ಕೆ ತಿಳಿವಳಿಕೆ ಮೂರೂ ಒಟ್ಟಿಗೆ ನಡೆಯುತ್ತವೆ.

ಮೂಲದ ನೋವಿಗೂ ಉತ್ತರ ಬೇಕು. ಗಣಿಯ ಕೆಲಸಗಾರನ ಸೊಂಟನೋವು ಹಾಗೇ ಉಳಿದರೆ ಅವನು ಮತ್ತೆ ಅದೇ ಅಂಗಡಿಗೆ ಹೋಗುತ್ತಾನೆ. ವ್ಯಾಯಾಮ, ಭಾರ ಎತ್ತುವ ಸರಿಯಾದ ಕ್ರಮ, ಅಗತ್ಯವಿದ್ದಾಗ ಸಾಧಾರಣ ನೋವುನಿವಾರಕ, ವಿಶ್ರಾಂತಿಗೆ ಕೂಲಿ ಕತ್ತರಿಸದ ಮಾಲೀಕ ಇವೂ ಚಿಕಿತ್ಸೆಯ ಭಾಗವೇ.

ಓದುಗರಿಗೆ

ಗುಳಿಗೆ ಪಟ್ಟಿಯ ಹಿಂದೆ ಬರೆದ ಔಷಧಿಯ ಹೆಸರನ್ನು ಓದಿ, ಓದಲು ಬಾರದವರಿಗೆ ಓದಿ ಹೇಳಿ. ಟ್ರಮಡಾಲ್, ಟ್ಯಾಪೆಂಟಡಾಲ್, ಕೊಡೀನ್ ಎಂದಿದ್ದರೆ ವೈದ್ಯರು ಹೇಳಿದ ದಿನಗಳನ್ನು ಮೀರಿ ತೆಗೆದುಕೊಳ್ಳಬೇಡಿ, ಅದರ ಜೊತೆ ಸೇಂದಿ, ಸಾರಾಯಿ, ನಿದ್ದೆಗುಳಿಗೆ ಕೂಡದು. ಆಸ್ಪತ್ರೆಗೆ ಹೋದಾಗ ಸೇಂದಿಯ ವಿಷಯ ಮುಚ್ಚಿಡಬೇಡಿ. 'ದಾರು ಮುಟ್ಟೂದಿಲ್ರಿ, ಸೇಂದಿ ಅಷ್ಟೇ' ಎಂಬ ಮಾತೂ ವೈದ್ಯರಿಗೆ ಮುಖ್ಯವಾದ ಮಾಹಿತಿ. ಮನೆಯವರು ದಿನವೂ ಸೇಂದಿ ಕುಡಿಯುತ್ತಿದ್ದರೆ ಒಮ್ಮೆಲೇ ಬಿಡಿಸಲು ಹೋಗದೆ ಮೊದಲು ವೈದ್ಯರ ಬಳಿ ಕರೆದುಕೊಂಡು ಹೋಗಿ. ನಡುಕ, ಭ್ರಮೆ, ಫಿಟ್ಸ್ ಕಂಡರೆ ತಡಮಾಡದೆ ಆಸ್ಪತ್ರೆಗೆ ಸೇರಿಸಿ. ಉಸಿರು ನಿಧಾನವಾಗಿ, ತುಟಿ ನೀಲಿಗಟ್ಟಿ, ಎಬ್ಬಿಸಿದರೂ ಏಳದಿದ್ದರೆ 108ಕ್ಕೆ ಕರೆ ಮಾಡಿ. ಓಪಿಯಾಯ್ಡ್ ಹೆಚ್ಚಾಗಿದ್ದರೆ ನಲೋಕ್ಸೋನ್ ಸೂಜಿ ನಿಮಿಷಗಳಲ್ಲಿ ಉಸಿರು ಮರಳಿಸಬಲ್ಲದು. ಸಲಹೆಗೆ ಟೆಲಿ–ಮಾನಸ್ ಸಹಾಯವಾಣಿ 14416 ಮತ್ತು ವ್ಯಸನಮುಕ್ತಿ ಸಹಾಯವಾಣಿ 14446 ಇವೆ, ಎರಡೂ ಉಚಿತ.

ಸರ್ಕಾರಗಳಿಗೂ ಒಂದು ಮಾತು. ಕಲಬೆರಕೆ ಸೇಂದಿಯನ್ನು ತಡೆಯಲೇಬೇಕು. ಆದರೆ ದಾಳಿಗೆ ಜೀಪು ಹೊರಡುವ ಮುನ್ನ ಜಹೀರಾಬಾದ್, ನಾರಾಯಣಖೇಡ, ತಾಂಡೂರಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧಿ ದಾಸ್ತಾನು ಇರಬೇಕು, ಹಾಸಿಗೆಗಳಿರಬೇಕು, ಕನ್ನಡ, ತೆಲುಗು, ಉರ್ದು ಮೂರೂ ಬಲ್ಲ ಸಿಬ್ಬಂದಿ ಇರಬೇಕು. ಈ ಸಿದ್ಧತೆ ಇಲ್ಲದೆ ಗಡಿಗೆ ಒಡೆದರೆ ಸಾಯುವವರು ಕುಡಿದ ಬಡವರು, ಪುಡಿ ಮಾರಿದವರಲ್ಲ.